ತಪ್ಪಾಗಿದೆ, ಸ್ವಾಮಿ!

ನಮ್ಮ ಭಾಷೆಯಲ್ಲಿ ‘ಆಗು’ ಎಂಬ ಧಾತುವೊಂದು ಉಂಟು. ನೋಡುವುದಕ್ಕೆ ಬಹು ಸಾಧು. ಆದರೆ ಲೋಕದ ಕಚೇರಿಗಳನ್ನೆಲ್ಲ ಕಾಪಾಡುತ್ತಿರುವುದು ಅದೇ ಎಂದು ನನ್ನ ಗುಮಾನಿ. ‘ತಪ್ಪು ಮಾಡಿದೆ’ ಎನ್ನಬೇಕಾದರೆ ಮಾಡಿದವನೊಬ್ಬ ಬೇಕು. ‘ತಪ್ಪಾಗಿದೆ’ ಎಂದುಬಿಟ್ಟರೆ ಯಾರೂ ಬೇಡ. ಮಳೆಯಾದ ಹಾಗೆ, ಬೆಳಗಾದ ಹಾಗೆ ಅದು ತಾನೇ ಆಗಿಬಿಡುತ್ತದೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿ ಅಚ್ಚಾಗಿದೆಯೆಂದು ವಿದ್ಯಾರ್ಥಿ ಕಿಟಕಿಯ ಮುಂದೆ ನಿಂತರೆ ಒಳಗಿನಿಂದ ಬರುವ ಉತ್ತರವೂ ಇದೇ. ತಿದ್ದುಪಡಿಯ ಶುಲ್ಕ ಕಟ್ಟುವಾಗ ಮಾತ್ರ ವಾಕ್ಯಕ್ಕೆ ಕರ್ತೃಪದ ಬೇಕಾಗುತ್ತದೆ. ಅದು ವಿದ್ಯಾರ್ಥಿಯದು!

ಗದ್ದಲ ದೊಡ್ಡದಾದಾಗ ಈ ವ್ಯಾಕರಣ ಸಾಲುವುದಿಲ್ಲ. ಆಗ ತಪ್ಪು ಮೆಟ್ಟಿಲಿಳಿಯತೊಡಗುತ್ತದೆ. ಸಾಹೇಬರು ಸೂಪರಿಂಟೆಂಡೆಂಟರ ಮುಖ ನೋಡುತ್ತಾರೆ, ಅವರು ಗುಮಾಸ್ತನ ಮುಖ, ಗುಮಾಸ್ತ ಟೈಪು ಮಾಡಿದ ಹಂಗಾಮಿ ಹುಡುಗಿಯ ಮುಖ. ಅವಳ ಕೆಳಗೆ ಮೆಟ್ಟಿಲಿಲ್ಲ. ‘ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು?’ ಎಂಬ ನೋಟೀಸು ಅವಳಿಗೆ. ಪಾಪ, ಮುಂದಿನ ಸಲ ಕಡತದಲ್ಲಿ ತಪ್ಪು ಕಣ್ಣಿಗೆ ಬಿದ್ದರೂ ಅವಳು ಬಾಯಿ ಬಿಟ್ಟಾಳೆಯೇ?

ಹೀಗೆ ಇಳಿದುಬರುತ್ತಿದ್ದ ತಪ್ಪಿಗೆ ಅಡ್ಡ ನಿಂತವರೊಬ್ಬರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರೂ ಇಸ್ರೋದ ಅಧ್ಯಕ್ಷರೂ ಆಗಿದ್ದ ಸತೀಶ್ ಧವನ್. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹಾರಿದ ಎಸ್‌ಎಲ್‌ವಿ-3 ಬಂಗಾಳ ಕೊಲ್ಲಿಯ ಪಾಲಾಯಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೂ ಪತ್ರಕರ್ತರೆದುರು ಕುಳಿತು ಸೋಲನ್ನು ತಮ್ಮ ತಲೆಗೆ ಕಟ್ಟಿಕೊಂಡವರು ಧವನ್. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಅಂದು ಪತ್ರಕರ್ತರೊಡನೆ ಮಾತನಾಡಲು ಕಲಾಮರನ್ನೇ ಮುಂದೆ ಮಾಡಿದರು. ಇದನ್ನು ಕಲಾಮರು ಮುಂದೆ ಎಷ್ಟೋ ಸಭೆಗಳಲ್ಲಿ ಹೇಳಿದರು.

ಕೇಳಿದವರು ಧವನರ ಔದಾರ್ಯಕ್ಕೆ ತಲೆದೂಗುತ್ತಾರೆ. ತೂಗಲಿ. ನನಗೆ ಹೆಚ್ಚು ಹಿಡಿಸುವುದು ಆ ಎರಡು ಸಭೆಗಳ ನಡುವಿನ 11 ತಿಂಗಳು. ಹೊರಗೆ ಹಿರಿಯರು ಹೊಣೆ ಹೊತ್ತರೆಂದು ಒಳಗಿದ್ದವರು ‘ಏನೋ ಆಯಿತು’ ಎಂದು ಕೈ ತೊಳೆದುಕೊಳ್ಳಲಿಲ್ಲ. ಹಾರಾಟದ ದಾಖಲೆಗಳನ್ನೆಲ್ಲ ಜಾಲಾಡಿದರು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಕವಾಟವೊಂದು ಕೆಟ್ಟು ಆಮ್ಲ ಸೋರಿಹೋಗಿತ್ತೆಂದು ಪತ್ತೆಹಚ್ಚಿದರು. ನೋಟೀಸಿಗೆ ಸಮಜಾಯಿಷಿ ಬರೆಯುವುದರಲ್ಲೇ ಹೊತ್ತು ಹೋಗಿದ್ದರೆ ಆ ಕವಾಟದ ಕಡೆಗೆ ಯಾರ ಗಮನ ಹರಿಯುತ್ತಿತ್ತೋ! ಕಲಾಮರ ಕುರ್ಚಿಯೂ ಅಲ್ಲಾಡಲಿಲ್ಲ. ಮರುವರ್ಷದ ಉಡಾವಣೆಗೂ ಅವರೇ ನಿರ್ದೇಶಕರು.