ಗಟ್ಟಿ ವಾಲ್ವ್

ಮಿಕ್ಸಿಯ ಮೋಟಾರು ಗರಗರ ಅನ್ನುತ್ತಿತ್ತು, ಜಾರಿನೊಳಗಿನ ಬ್ಲೇಡು ಮಾತ್ರ ಅಲ್ಲಾಡುತ್ತಿರಲಿಲ್ಲ. ಬಗ್ಗಿ ನೋಡಿದರೆ ಕಪ್ಲರಿನ ಹಲ್ಲುಗಳೆಲ್ಲ ಸವೆದು ಬೋಳಾಗಿದ್ದವು. ಎರಡು ತಿಂಗಳಲ್ಲಿ ಇದು ಮೂರನೆಯ ಸಲ.

“ಲೋಕಲ್ ಹಾಕ್ಲಾ, ಒರಿಜಿನಲ್ ಹಾಕ್ಲಾ?” ಮೈಸೂರಿನ ನಮ್ಮ ಬೀದಿಯ ರಿಪೇರಿ ಅಂಗಡಿಯವರು ಪ್ರತಿ ಸಲವೂ ಕೇಳುವ ಪ್ರಶ್ನೆ. ಲೋಕಲ್ಲಿಗೆ 40 ರೂಪಾಯಿ, ಒರಿಜಿನಲ್ಲಿಗೆ 110. ಫೆಲೋಶಿಪ್ ತಡವಾಗಿದ್ದ ದಿನಗಳು. ಹಿಂದಿನ ಎರಡು ಸಲವೂ ಲೋಕಲ್ ಅಂದಿದ್ದೆ. ಈ ಸಲ ಹಟಕ್ಕೆ ಬಿದ್ದು, “ಒರಿಜಿನಲ್ಲೇ ಹಾಕಿ, ಒಡೆಯಲೇಬಾರದು” ಅಂದೆ.

ಅವರು ಜಾರನ್ನು ಬೋರಲು ಹಾಕಿ ತಳವನ್ನು ಬೆರಳಲ್ಲಿ ತಿರುಗಿಸಲು ನೋಡಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ. “ಬುಷ್ ಬಿಗಿದುಕೊಂಡಿದೆ ಮೇಡಂ. ಜಾರು ತಿರುಗ್ತಿಲ್ಲ, ಮೋಟಾರು ಬಿಡ್ತಿಲ್ಲ, ಮಧ್ಯದಲ್ಲಿ ಇದು ಸಾಯ್ತಿದೆ. ಇದು ಒಡೀಲಿಲ್ಲ ಅಂದ್ರೆ ಮೋಟಾರೇ ಸುಟ್ಟೋಗುತ್ತೆ. ಕಪ್ಲರ್ ಇರೋದೇ ಒಡೆಯೋಕೆ. ಬುಷ್ ಹೊಸದು ಹಾಕ್ತೀನಿ, ಕಪ್ಲರ್ ಲೋಕಲ್ಲೇ ಸಾಕು.”

ರೂಮಿಗೆ ಬಂದು ಚಟ್ನಿಗೆ ಕಾಯಿ ಹಾಕುವಾಗ ಥಟ್ಟನೆ ನೆನಪಾಯಿತು. ದೀಪಾವಳಿಗೆ ಅರಸೀಕೆರೆಗೆ ಹೋದಾಗ ಅಮ್ಮನ ಕುಕ್ಕರಿಗೆ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವ್ ಎರಡನ್ನೂ ತಂದು ಹಾಕಿದವಳು ನಾನೇ. ಎರಡೂ ಲೋಕಲ್.

ಮುಚ್ಚಳದ ಮೇಲಿನ ಆ ಪುಟ್ಟ ಬಿಲ್ಲೆಯ ನಡುವೆ ಬೇಗ ಕರಗುವ ಮಿಶ್ರಲೋಹ ಇರುತ್ತದೆ. ನೀರು ಇಂಗಿ ಕುಕ್ಕರ್ ಮಿತಿಮೀರಿ ಕಾದರೆ, ಇಲ್ಲವೇ ವಿಷಲ್ಲಿನ ನಳಿಗೆಯಲ್ಲಿ ಬೇಳೆ ಕಟ್ಟಿಕೊಂಡು ಒಳಗೆ ಒತ್ತಡ ಏರಿದರೆ, ಅದು ಕರಗಿ ಆವಿಗೆ ದಾರಿ ಬಿಡಬೇಕು. 2021ರ ಫೆಬ್ರುವರಿಯಿಂದ ಮನೆಬಳಕೆಯ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯವೇನೋ ಹೌದು. ನಾನು ತಂದ ವಾಲ್ವ್ ಮಾತ್ರ ಹೆಸರೇ ಇಲ್ಲದ ಪ್ಲಾಸ್ಟಿಕ್ ಕವರಿನಲ್ಲಿತ್ತು. ಉಳಿದದ್ದು 30 ರೂಪಾಯಿ. ಗ್ಯಾಸ್ಕೆಟ್ ಕಳಪೆಯಾದರೆ ಆವಿ ಸೋರಿ ಆ ದಿನವೇ ಗೊತ್ತಾಗುತ್ತದೆ. ವಾಲ್ವ್ ಕಳಪೆಯಾದರೂ ಗೊತ್ತಾಗುವುದಿಲ್ಲ, ಯಾಕೆಂದರೆ ದಿನನಿತ್ಯ ಅದಕ್ಕೆ ಕೆಲಸವೇ ಇಲ್ಲ.

ಫೋನ್ ಮಾಡಿದೆ.

“ಚೆನ್ನಾಗಿದೆ ಕಣೇ. ನೀನು ಹಾಕಿದ ವಾಲ್ವ್ ಬಲೇ ಗಟ್ಟಿ. ಮೊನ್ನೆ ಪಕ್ಕದ್ಮನೆಯವರ ಹತ್ರ ಮಾತಾಡ್ತಾ ಮರೆತೇಬಿಟ್ಟೆ. ನೀರೆಲ್ಲ ಇಂಗಿ ಬೇಳೆ ಕರಿಕಲಾಗಿ ಹೋಗಿತ್ತು. ಹಳೇದಾಗಿದ್ರೆ ಹಾರೋಗ್ತಿತ್ತು. ಇದಕ್ಕೇನೂ ಆಗಿಲ್ಲ ನೋಡು.”

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. “ಅಮ್ಮ, ಆ ಕುಕ್ಕರನ್ನ ಒಲೆ ಮೇಲೆ ಇಡಬೇಡ. ನಾಳೆ ಬರ್ತೀನಿ.”

“ನಾಳೆ ಬುಧವಾರ ಅಲ್ವೇನೇ? ರಜಾನಾ?”

ಕುಕ್ಕರ್ ಕಂಪನಿಯದೇ ವಾಲ್ವ್ ಕೊಂಡು ಬೆಳಗಿನ ರೈಲು ಹತ್ತಿದೆ. ಬಿಚ್ಚಿ ನೋಡಿದರೆ ನಾನು ಹಾಕಿದ್ದ ಬಿಲ್ಲೆ ತಂದ ದಿನದ ಹಾಗೆಯೇ ಹೊಳೆಯುತ್ತಿತ್ತು. “ಚೆನ್ನಾಗೇ ಇದೆಯಲ್ಲೇ, ಇನ್ಯಾವಾಗಾದ್ರೂ ಬೇಕಾಗುತ್ತೆ” ಅಂತ ಅಮ್ಮ ಅದನ್ನು ಸಾಸಿವೆ ಡಬ್ಬಿಯ ಪಕ್ಕ ಎತ್ತಿಡಲು ಹೋದಳು. ಕಿತ್ತುಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು ಜಜ್ಜಿದೆ.