ಗಡುವೂ ನಿತ್ಯಪಾಠವೂ

ಕುಮಾರವ್ಯಾಸ ಭಾರತವನ್ನು ಆದಿಪರ್ವದಿಂದ ಗದಾಪರ್ವದವರೆಗೆ ಒಂದು ಪದ್ಯವನ್ನೂ ಬಿಡದೆ ಓದಬೇಕೆಂಬುದು ನನ್ನ ಬಹುಕಾಲದ ಹಂಬಲ. ಹತ್ತು ಪರ್ವ, ಎಂಟು ಸಾವಿರಕ್ಕೂ ಮಿಕ್ಕ ಭಾಮಿನಿ ಷಟ್ಪದಿಗಳು. ಯುಗಾದಿಯೊಳಗೆ ಮುಗಿಸಲೇಬೇಕೆಂದು ಗಡುವು ಹಾಕಿಕೊಂಡರೆ ಓದು ಓಟವಾಗುತ್ತದೆ. ಪದ್ಯದ ಸೊಗಸಿಗಿಂತ ಉಳಿದ ಪುಟಗಳ ಲೆಕ್ಕವೇ ತಲೆಯಲ್ಲಿ ಕೂತುಬಿಡುತ್ತದೆ. ಗಡುವೇ ಬೇಡ, ದಿನಕ್ಕೆ ಇಷ್ಟು ಪದ್ಯ ಸಾಕು ಎಂದು ನಿರಾಳವಾಗಿ ಕೂತರೆ ಬೇರೆಯೇ ತೊಡಕು. ಕೋಗಿಲಿನ ನಮ್ಮ ಮನೆಯ ತಾರಸಿಯಲ್ಲಿ, ಬಳ್ಳಾರಿ ರಸ್ತೆಯ ಗದ್ದಲ ಏರುವ ಮುನ್ನ, ಕಣ್ಣು ಸಾಲುಗಳ ಮೇಲೆ ಹಾಯುತ್ತದೆ, ನಾಲಗೆ ಲಯ ಹಿಡಿಯುತ್ತದೆ, ಮನಸ್ಸು ಮಾತ್ರ ಇನ್ನೆಲ್ಲೋ ಇರುತ್ತದೆ. ಪುಸ್ತಕ ಮುಚ್ಚಿದ ಮೇಲೆ, ಕೃಷ್ಣನಿಗೆ ಕರ್ಣ ಏನೆಂದ ಎಂದು ಯಾರಾದರೂ ಕೇಳಿದರೆ ತಡವರಿಸಬೇಕು.

ಸಿಇಟಿಗೆ ಓದುತ್ತಿರುವ ಪಕ್ಕದ ಮನೆಯ ಹುಡುಗಿ ಒಮ್ಮೆ ಕೇಳಿದಳು: "ಅಂಕಲ್, ಇಪ್ಪತ್ತೊಂದು ದಿನ ಬಿಡದೆ ಮಾಡಿದ್ರೆ ಯಾವುದಾದರೂ ಅಭ್ಯಾಸ ಆಗಿಬಿಡುತ್ತಂತೆ, ಹೌದಾ?" ನಮ್ಮ ಹಿರಿಯರು ವ್ರತಕ್ಕೂ ಔಷಧಕ್ಕೂ ಒಂದು ಮಂಡಲ, ಅಂದರೆ 48 ದಿನ ಹೇಳುತ್ತಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ ಸುಮಾರು 66 ದಿನ ಎಂದರು. ಅದೂ ಸರಾಸರಿ ಮಾತ್ರ; ಅವರ ಅಂದಾಜಿನಲ್ಲಿ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕು. ಇದನ್ನು ಹೇಳಿದಾಗ ಆ ಹುಡುಗಿಯ ಮುಖದಲ್ಲಿ ಸಮಾಧಾನ ಕಂಡಿತು. ಎಲ್ಲರಿಗೂ ಒಂದೇ ಅಳತೆ ಇಲ್ಲ ಎಂಬುದು ಓದುವ ಮಕ್ಕಳಿಗೆ ಮೊದಲು ತಿಳಿಯಬೇಕಾದ ಸಂಗತಿ.

ಓದುವಾಗ ನನ್ನ ಪಕ್ಕದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ 'ಕನ್ನಡ ನಿಘಂಟು' ಇರುತ್ತದೆ. ಅದನ್ನು ತೆರೆದಾಗಲೆಲ್ಲ ಗಡುವೋ ನಿತ್ಯಪಾಠವೋ ಎಂಬ ಪ್ರಶ್ನೆ ಮತ್ತಷ್ಟು ಆಳಕ್ಕೆ ಇಳಿಯುತ್ತದೆ. 1940ರ ದಶಕದಲ್ಲಿ ಕೈಗೆತ್ತಿಕೊಂಡ ಕೆಲಸ. ಮೊದಲ ಸಂಪುಟ ಹೊರಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಶಾಸನಗಳನ್ನು, ಹಳಗನ್ನಡ ಕಾವ್ಯಗಳನ್ನು ಓದುವುದು, ಪದವನ್ನೂ ಅದರ ಪ್ರಯೋಗವನ್ನೂ ಬರೆದಿಟ್ಟುಕೊಳ್ಳುವುದು, ಅಕಾರಾದಿಯಾಗಿ ಜೋಡಿಸುವುದು, ಅರ್ಥಕ್ಕಾಗಿ ಕೂತು ಚರ್ಚಿಸುವುದು. ಇದು ವರ್ಷಾನುಗಟ್ಟಲೆ ನಡೆಯಿತು. ಈ ಕೆಲಸದ ಹಿರಿಯರಲ್ಲೊಬ್ಬರಾದ ಡಿ.ಎಲ್. ನರಸಿಂಹಾಚಾರ್ 1971ರಲ್ಲೇ ತೀರಿಕೊಂಡರು. ಕೊನೆಯ ಸಂಪುಟ ಕಣ್ಣಳತೆಯಲ್ಲೂ ಇಲ್ಲದ ದಿನಗಳಲ್ಲಿ ಅವರಂಥವರನ್ನು ಮತ್ತೆ ಮತ್ತೆ ಮೇಜಿನ ಮುಂದೆ ಕೂರಿಸಿದ್ದು ರೂಢಿಯೇ ಇರಬೇಕು. ಆದರೆ ಬರೀ ರೂಢಿಯಾಗಿದ್ದರೆ ಇನ್ನೊಂದಿಷ್ಟು ಪದ, ಇನ್ನೊಂದಿಷ್ಟು ಪ್ರಯೋಗ ಎಂದು ಸಂಗ್ರಹ ಬೆಳೆಯುತ್ತಲೇ ಇರುತ್ತಿತ್ತು, ಪುಸ್ತಕ ಅಚ್ಚಿಗೆ ಹೋಗುತ್ತಿರಲಿಲ್ಲ. ಇಲ್ಲಿಗೆ ಸಾಕು, ಈ ಸಂಪುಟ ಮುಗಿಯಿತು ಎಂದು ಯಾರೋ ಗೆರೆ ಎಳೆಯಲೇಬೇಕಾಗಿತ್ತು.

ಪ್ರಧಾನ ಸಂಪಾದಕರಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರಿಗೆ ಕೊನೆಯ ಸಂಪುಟ ಬರುವಾಗ ಎಂಬತ್ತು ದಾಟಿತ್ತು. ಅಷ್ಟು ದೊಡ್ಡ ಗುರಿ ಮುಟ್ಟಿದ ಮೇಲೂ ಅವರು ಕೈಕಟ್ಟಿ ಕೂರಲಿಲ್ಲ. 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ವರ್ಷಗಟ್ಟಲೆ ಉತ್ತರ ಬರೆದರು. 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಿಘಂಟು ಮುಗಿದಿತ್ತು, ಪದದ ಬೆನ್ನು ಹತ್ತುವ ಅವರ ನಿತ್ಯಕರ್ಮ ಮುಗಿದಿರಲಿಲ್ಲ. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಇದು.

ಗುರಿಯೂ ರೂಢಿಯೂ ಹೀಗೆ ಜೊತೆಯಾಗಿ ಸಾಗುವ ಇನ್ನೊಂದು ಜಾಗ ನಮಗೆ ಹತ್ತಿರದಲ್ಲೇ ಇರುವ ಜಕ್ಕೂರಿನ ಏರೋಡ್ರೋಮ್. 1948ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿಯದು. ವಾಣಿಜ್ಯ ಪೈಲಟ್ ಲೈಸೆನ್ಸ್ ಬೇಕಾದವರು 200 ಗಂಟೆ ಹಾರಿರಬೇಕು. ಗುರಿ ಎಂದರೆ ಹೀಗಿರಬೇಕು, ಖಚಿತವಾಗಿ, ಎಣಿಸಲು ಬರುವಂತೆ. ಆದರೆ ಆ ಗಂಟೆಗಳನ್ನು ತುಂಬುವುದು ಸಣ್ಣ ಸಣ್ಣ ರೂಢಿಗಳು: ವಿಮಾನದ ಸುತ್ತ ನಡೆದು ನೋಡುವುದು, ಇಂಧನ ಪರೀಕ್ಷಿಸುವುದು, ಚೆಕ್‌ಲಿಸ್ಟ್ ಓದುವುದು. 1935ರಲ್ಲಿ ಅಮೆರಿಕದ ಒಹಾಯೋದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಮೇಲೇರಿದ ಕೂಡಲೇ ನೆಲಕ್ಕೆ ಬಿತ್ತು. ನಿಂತ ವಿಮಾನದ ರೆಕ್ಕೆ-ಬಾಲದ ಫಲಕಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆದಿರಲಿಲ್ಲ. ಹಾರಿಸಿದವರು ನುರಿತವರೇ. ಪೈಲಟ್‌ಗಳ ಚೆಕ್‌ಲಿಸ್ಟ್ ಬಳಕೆಗೆ ಬಂದದ್ದು ಆ ದುರಂತದ ನಂತರ. ಕೈ ತಾನಾಗಿ ಮಾಡುವ ಕೆಲಸವನ್ನೂ ಕಣ್ಣಿಟ್ಟು ಓದಿ ಮಾಡಬೇಕೆಂಬ ಆ ಶಿಸ್ತು ನನ್ನ ಷಟ್ಪದಿಯ ಓದಿಗೂ ಸಲ್ಲುತ್ತದೆ. ಹಾರಾಟದಲ್ಲಿ ಇನ್ನೊಂದು ನಿಯಮವೂ ಇದೆ: ಲೈಸೆನ್ಸ್ ಕೈಗೆ ಬಂದರೂ, ಈಚೆಗೆ ಹಾರಿದ ಅನುಭವ ಇಲ್ಲದವರು ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಮುಟ್ಟಿದ ಗುರಿಯನ್ನೂ ಮತ್ತೆ ಮತ್ತೆ ಹಾರಿ ಉಳಿಸಿಕೊಳ್ಳಬೇಕು.

ಈಗ ನಾನು ಇಡೀ ಭಾರತಕ್ಕೆ ಗಡುವು ಹಾಕುವುದಿಲ್ಲ, ಒಂದೊಂದು ಪರ್ವಕ್ಕೆ ಹಾಕುತ್ತೇನೆ. ದಸರೆಗೆ ಉದ್ಯೋಗಪರ್ವ, ಸಂಕ್ರಾಂತಿಗೆ ಭೀಷ್ಮಪರ್ವ. ಬೆಳಗಿನ ಓದಿಗೆ ಇಷ್ಟೇ ಪದ್ಯ ಎಂಬ ಲೆಕ್ಕ ಇಲ್ಲ. ಓದಿದ್ದನ್ನು ಪುಸ್ತಕ ಮುಚ್ಚಿ ಮನೆಯವರಿಗೆ ಕಥೆಯಾಗಿ ಹೇಳಬೇಕು, ಅಷ್ಟೇ. ಹೇಳಲು ಬಾರದಿದ್ದರೆ ಮರುದಿನ ಮತ್ತೆ ಅದೇ ಪದ್ಯ. ಹೀಗಾಗಿ ಉದ್ಯೋಗಪರ್ವದಲ್ಲಿ ಕರ್ಣನೂ ಕೃಷ್ಣನೂ ಎದುರುಬದುರಾಗುವ ಭಾಗದಲ್ಲೇ ಹಲವು ದಿನ ನಿಂತಿದ್ದೇನೆ. ದಸರೆ ಹತ್ತಿರ ಬರುತ್ತಿದೆ.