ಕುಮಾರರ ಜೊತೆಗಾರರು

ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಧ್ವನಿಮುದ್ರಿಕೆ ಕೇಳುವಾಗ ಗಾಯಕರಿಗಷ್ಟೇ ಕಿವಿಗೊಟ್ಟರೆ ಅರ್ಧ ಸಂಗೀತ ಕೈತಪ್ಪುತ್ತದೆ. ಕ್ಷಯದಿಂದ ಒಂದು ಶ್ವಾಸಕೋಶ ಸೋತ ಮೇಲೆ ಅವರು ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲಿ, ನಡುವೆ ಬಿಡುವು ಕೊಟ್ಟು ಹಾಡಿದರು. ಆ ಬಿಡುವಿನಲ್ಲಿ ತಬಲಾದ ವಸಂತ ಆಚರೇಕರ್ ಕೈಚಳಕ ಮೆರೆಸದೆ ಠೇಕಾವನ್ನು (ತಾಳದ ಮೂಲ ಬಡಿತವನ್ನು) ಒಂದೇ ಹದದಲ್ಲಿ ನಡೆಸಿದರು. ಹಾಗಾಗಿಯೇ ಮೌನವೂ ರಾಗದ ಭಾಗವಾಯಿತು. ನಿರ್ಗುಣ ಭಜನೆಗಳಲ್ಲಿ ಅವರ ಪತ್ನಿ, ಗಾಯಕಿ ವಸುಂಧರಾ ಕೋಮಕಲಿಯವರ ದನಿ ಕೂಡಿದಾಗ ಸಾಲಿಗೆ ಇನ್ನಷ್ಟು ಕಸುವು ಬರುತ್ತದೆ. ‘ಪ್ರತಿಭೆ ಕುಮಾರರದೇ ಅಲ್ಲವೇ?’ ಎನ್ನಬಹುದು. ಹೌದು, ಕಲ್ಪನೆ ಅವರದೇ. ಆದರೆ ಅದನ್ನು ನಿರಾತಂಕವಾಗಿ ಹಾಡಿ ತೋರಿಸಲು ಲಯ ಬಿಡದ ಜೊತೆಗಾರರು ಬೇಕಿತ್ತು. ಇನ್ನು ಮುಂದೆ ಮುದ್ರಿಕೆಯ ಮೇಲೆ ಅವರ ಹೆಸರನ್ನೂ ಓದೋಣ, ಅವರನ್ನೂ ಕೇಳೋಣ.